ಘಾಟಿನ ಕೆಮ್ಮು

ರಾಣೆಬೆನ್ನೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ನಿಗೆ ಮೊದಲು ಕೇಳುವ ಪ್ರಶ್ನೆಗಳು ಹದಿನಾಲ್ಕು. ಅವನ್ನು ಕನ್ನಡದಲ್ಲಿ ಬರೆದವರು ಮಹಮೂದಾಬೇಗಂ. ಮೊದಲಿದ್ದ ಹಾಳೆ ಇಂಗ್ಲಿಷಿನಲ್ಲಿತ್ತು, ನರ್ಸುಗಳು ತಮಗೆ ತಿಳಿದಂತೆ ಕೇಳಿ ತಮಗೆ ತಿಳಿದಂತೆ ತುಂಬುತ್ತಿದ್ದರು. ಮಹಮೂದಾಬೇಗಂ ಒಂದೊಂದು ಪ್ರಶ್ನೆಯನ್ನೂ ಬರೆದು, ವಾರ್ಡಿನಲ್ಲಿದ್ದ ಗುತ್ತಲದ ಮುದುಕಿಯೊಬ್ಬಳಿಗೆ ಓದಿ ಹೇಳಿ, ಆಕೆಗೆ ಒಂದೇ ಸಲಕ್ಕೆ ತಿಳಿದದ್ದನ್ನು ಮಾತ್ರ ಉಳಿಸಿಕೊಂಡರು. "ಹಲ್ಲು ಅಲ್ಲಾಡ್ತಾವೇನು?" ಎಂಬುದು ಐದನೆಯದು. "ಎರಡು ವಾರದಾಗ ಕೆಮ್ಮು, ನೆಗಡಿ, ಜ್ವರ ಬಂದಿತ್ತೇನು?" ಎಂಬುದು ಏಳನೆಯದು. ಪ್ರತಿ ಪ್ರಶ್ನೆಯ ಮುಂದೆ ಎರಡು ಚೌಕ: ಹೌದು, ಇಲ್ಲ.

ಅವರು ಮಾಡಿದ ದೊಡ್ಡ ತಪ್ಪು ಈ ಏಳನೆಯ ಪ್ರಶ್ನೆಯ ಮುಂದಿನ ಚೌಕದಲ್ಲಿದೆ.

ಮಹಮೂದಾಬೇಗಂ ಹುಟ್ಟಿದ್ದು ಬ್ಯಾಡಗಿಯಲ್ಲಿ. ತಾಯಿ ಹುಸೇನಬಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದರು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ, ರಾಣೆಬೆನ್ನೂರಿನ ಅಲ್ಲಾಬಕ್ಷರನ್ನು ಮದುವೆಯಾಗಿ ಬಂದು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಈ ಆಸ್ಪತ್ರೆಗೆ ಆಯಾ ಆಗಿ ಸೇರಿದರು. ಅಲ್ಲಾಬಕ್ಷ ಆಗ ಬಾಡಿಗೆಯ ಆಟೋ ಓಡಿಸುತ್ತಿದ್ದರು, ಈಗ ಸ್ವಂತದ್ದು ಓಡಿಸುತ್ತಾರೆ.

ಆಗಿನ ಅರಿವಳಿಕೆ ಡಾಕ್ಟರು ವಯಸ್ಸಾದವರು. ಮಗುವಿಗೆ ಅರಿವಳಿಕೆ ಕೊಟ್ಟ ಮೇಲೆ ಅದರ ಉಸಿರನ್ನು ಯಾರಾದರೂ ನಡೆಸಬೇಕಲ್ಲ, ಆ ದಿನಗಳಲ್ಲಿ ಅದನ್ನು ಕೈಯಿಂದಲೇ ನಡೆಸುತ್ತಿದ್ದರು. ಅರ್ಧ ಲೀಟರಿನ ಒಂದು ರಬ್ಬರ್ ಚೀಲ, ಅದರಿಂದ ಮಗುವಿನ ಶ್ವಾಸನಾಳಕ್ಕೆ ಒಂದು ಕೊಳವೆ. ಚೀಲ ಒತ್ತಿದರೆ ಎದೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಡಾಕ್ಟರಿಗೆ ಬೆರಳು ಸೆಟೆಯುವ ಕಾಯಿಲೆ ಶುರುವಾದಾಗ ಪಕ್ಕದಲ್ಲಿ ನಿಂತ ಆಯಾಗೆ ಹೇಳಿದರು: "ಹಿಡಿಯವ್ವಾ. ಎದಿ ನೋಡಬ್ಯಾಡ, ಅದನ್ನ ನಾ ನೋಡ್ತೇನಿ. ನೀ ಚೀಲ ಏನ್ ಹೇಳ್ತೈತಿ ಕೇಳು." ಚೀಲ ಬಿಗಿಯಾದರೆ ಒಳಗೆ ಎಲ್ಲೋ ಅಡ್ಡ ಬಂದಿದೆ, ಮೆತ್ತಗಾದರೆ ಎಲ್ಲೋ ಸೋರುತ್ತಿದೆ. ಆರು ತಿಂಗಳಲ್ಲಿ ಆ ಕೈ ಇದನ್ನು ಕಲಿಯಿತು. ಮಹಮೂದಾಬೇಗಂ ಡಿಪ್ಲೊಮಾ ಓದಿ ಅರಿವಳಿಕೆ ತಂತ್ರಜ್ಞೆ ಆದವರಲ್ಲ, ಹೀಗೆ ಆದವರು.

ನಂತರ ಕೀಹೋಲ್ ಆಪರೇಷನ್ ಬಂತು. ಹೊಟ್ಟೆ ಕೊಯ್ಯದೆ, ಹೊಕ್ಕುಳ ಹತ್ತಿರ ಒಂದು ತೂತು, ಪಕ್ಕದಲ್ಲಿ ಇನ್ನೆರಡು. ಒಳಗೆ ಕಾಣಬೇಕಾದರೆ ಜಾಗ ಬೇಕು, ಅದಕ್ಕಾಗಿ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ. ಉಬ್ಬಿದ ಹೊಟ್ಟೆ ಎದೆಯ ತಳದ ಪರದೆಯಾದ ವಪೆಯನ್ನು ಮೇಲಕ್ಕೆ ತಳ್ಳುತ್ತದೆ, ವಪೆ ಪುಪ್ಪುಸಗಳನ್ನು ಒತ್ತುತ್ತದೆ. ಅದರ ಮೇಲೆ ತುಂಬಿದ ಅನಿಲದಲ್ಲಿ ಸ್ವಲ್ಪ ರಕ್ತಕ್ಕೆ ಸೇರುತ್ತದೆ, ಅದನ್ನು ಹೊರಹಾಕುವ ಕೆಲಸವೂ ಪುಪ್ಪುಸಗಳದ್ದೇ. ಅಂದರೆ ಅವಕ್ಕೆ ಕೆಲಸ ಹೆಚ್ಚು, ಜಾಗ ಕಡಿಮೆ. ದೊಡ್ಡವರು ಇದನ್ನು ತಾಳುತ್ತಾರೆ. ಹದಿನಾರು ಕಿಲೋ ತೂಕದ ಮಗುವಿಗೆ ಒಂದು ಉಸಿರು ಎಂದರೆ ನೂರಹತ್ತು ಮಿಲಿಲೀಟರ್ ಆಸುಪಾಸು, ಒಂದು ಸಣ್ಣ ಚಹಾ ಲೋಟದಷ್ಟು. ಅದರಲ್ಲಿ ಮೂವತ್ತು ಕಡಿಮೆಯಾದರೂ ಲೆಕ್ಕಕ್ಕೆ ಬರುತ್ತದೆ.

ಇದಕ್ಕಾಗಿ ಆಸ್ಪತ್ರೆ ಹೊಸ ಯಂತ್ರ ತಂದಿತು. ಪ್ರತಿ ಉಸಿರಿಗೆ ಎಷ್ಟು ಒತ್ತಡ, ಎಷ್ಟು ಗಾಳಿ, ಹೊರಬಂದ ಗಾಳಿಯಲ್ಲಿ ಎಷ್ಟು ಡೈಆಕ್ಸೈಡ್ ಎಲ್ಲವನ್ನೂ ಪರದೆಯ ಮೇಲೆ ತೋರಿಸುವ ಯಂತ್ರ. ಹಳೆಯ ಕೈಗಳು ಹೊಸ ಯಂತ್ರವನ್ನು ದ್ವೇಷಿಸುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ಮಹಮೂದಾಬೇಗಂ ದ್ವೇಷಿಸಲಿಲ್ಲ. "ನಾ ಒತ್ತಿದ್ದು ನನಗಷ್ಟ ತಿಳೀತಿತ್ತು. ಇದು ಎಲ್ಲಾರಿಗೂ ತೋರಸ್ತದ" ಎಂದರು. ದಿನಾ ಬೆಳಿಗ್ಗೆ ಏಳೂವರೆಗೆ ಬಂದು ಸೋರಿಕೆ ಪರೀಕ್ಷೆ ಮಾಡಿ, ಮಕ್ಕಳ ಕೇಸಿದ್ದರೆ ಮೂರು ಅಳತೆಯ ಕೊಳವೆ ಎತ್ತಿಟ್ಟು, ಹಳೆಯ ರಬ್ಬರ್ ಚೀಲವನ್ನೂ ಯಂತ್ರದ ಪಕ್ಕಕ್ಕೆ ತೂಗುಹಾಕುತ್ತಿದ್ದರು. ಕರೆಂಟು ನಂಬುವಂಥದ್ದಲ್ಲ ಎನ್ನುವುದು ಅದಕ್ಕೆ ಕಾರಣ.

ಇನ್ನು ಘಾಟಿನ ವಿಷಯ.

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಬ್ಯಾಡಗಿಗೆ ಮೆಣಸಿನಕಾಯಿ ಬರುತ್ತದೆ. ಊರು ಕೆಮ್ಮುತ್ತದೆ. ಮಾರುಕಟ್ಟೆಯ ಹಮಾಲರು, ತೊಟ್ಟು ಬಿಡಿಸುವ ಹೆಂಗಸರು, ಬ್ಯಾಂಕಿನವರು, ಶಾಲೆಯ ಮಕ್ಕಳು, ಎಲ್ಲರೂ. ಯಾರೂ ಅದನ್ನು ಕಾಯಿಲೆ ಎಂದು ಎಣಿಸುವುದಿಲ್ಲ. ಹೊರಗಿನಿಂದ ಬಂದ ಡಾಕ್ಟರಿಗೆ ಇದು ತಿಳಿಯದು. ಆಸ್ಪತ್ರೆಗೆ ಹೊಸದಾಗಿ ಬಂದ ಅರಿವಳಿಕೆ ಡಾಕ್ಟರ್ ಶಂಭುಲಿಂಗ ಕೊಪ್ಪಳದ ಕಡೆಯವರು. ಮೊದಲ ವರ್ಷ ಬ್ಯಾಡಗಿಯಿಂದ ಬಂದ ರೋಗಿಗಳನ್ನೆಲ್ಲ ಕೆಮ್ಮಿನ ಕಾರಣಕ್ಕೆ ವಾಪಸು ಕಳಿಸಿದರು. ಹದಿನೈದು ದಿನ ಬಿಟ್ಟು ಬಂದರೂ ಅದೇ ಕೆಮ್ಮು. ಆಗ ಮಹಮೂದಾಬೇಗಂ ಹೇಳಿದರು: "ಡಾಕ್ಟ್ರ, ಹಿಂಗ ಮಾಡಿದ್ರ ಬ್ಯಾಡಗ್ಯಾಗ ಅರ್ಧಾ ವರ್ಷ ಯಾರಿಗೂ ಆಪರೇಷನ್ ಆಗಂಗಿಲ್ರಿ. ಇದು ಘಾಟು. ಒಣಾ ಕೆಮ್ಮು. ಎದಿ ಕೇಳಿ ನೋಡ್ರಿ, ಏನೂ ಇರಂಗಿಲ್ಲ."

ಡಾಕ್ಟರು ಕೇಳಿ ನೋಡಿದರು. ಏನೂ ಇರಲಿಲ್ಲ. ಅಂದಿನಿಂದ ಬ್ಯಾಡಗಿಯವರ ಕೆಮ್ಮಿನ ವಿಷಯ ಮಹಮೂದಾಬೇಗಂ ಅವರ ಪಾಲಿಗೆ ಬಂತು. ಘಾಟಿನ ಕೆಮ್ಮಾದರೆ ಏಳನೆಯ ಪ್ರಶ್ನೆಗೆ ಅವರು "ಇಲ್ಲ" ಎಂದು ಗುರುತು ಹಾಕುತ್ತಿದ್ದರು. ಅವರ ಬಳಿ ಒಂದು ಪರೀಕ್ಷೆಯೂ ಇತ್ತು, ತಾಯಿಯಿಂದ ಬಂದದ್ದು. ಮಕ್ಕಳು ಕೆಮ್ಮಿದರೆ ಹುಸೇನಬಿ ಅವರನ್ನು ಘಾಟು ತಲುಪದ ಮೋಟೆಬೆನ್ನೂರಿಗೆ, ಅಕ್ಕನ ಮನೆಗೆ ಕಳಿಸುತ್ತಿದ್ದರು. ಅಲ್ಲಿ ಅರ್ಧ ದಿನದಲ್ಲಿ ಕೆಮ್ಮು ನಿಂತರೆ ಘಾಟು, ನಿಲ್ಲದಿದ್ದರೆ ಔಷಧಿ. ಬ್ಯಾಡಗಿಯಿಂದ ಹಿಂದಿನ ದಿನ ಬಂದು ದಾಖಲಾದವರ ಕೆಮ್ಮು ರಾತ್ರಿಯೊಳಗೆ ನಿಂತಿತೇ ಎಂದು ಇವರು ನೋಡುತ್ತಿದ್ದರು. ಐದು ವರ್ಷ ಈ ಪರೀಕ್ಷೆ ತಪ್ಪಲಿಲ್ಲ. ತಪ್ಪದೇ ಇದ್ದುದರಿಂದ ಅದನ್ನು ಪ್ರತಿ ಸಲ ಮಾಡಿ ನೋಡುವುದು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಹೋಯಿತು.

೨೦೨೩ರ ಫೆಬ್ರುವರಿಯಲ್ಲಿ ಬ್ಯಾಡಗಿಯಿಂದ ಗಂಗಮಾಳವ್ವ ಎಂಬ ಐದು ವರ್ಷದ ಹುಡುಗಿ ಬಂದಳು. ಮನೆದೇವರ ಹೆಸರು, ಎಲ್ಲರೂ ಕರೆಯುವುದು ಗಂಗಿ ಎಂದು. ತೊಡೆಸಂದಿಯಲ್ಲಿ ಹರ್ನಿಯಾ, ಕೀಹೋಲಿನಲ್ಲಿ ಹೊಲಿಯಬೇಕಾಗಿತ್ತು. ಮಕ್ಕಳ ಸರ್ಜನ್ ಹೊರ ಊರಿನಿಂದ ತಿಂಗಳಿಗೊಮ್ಮೆ ಬರುವವರು. ಆ ದಿನ ತಪ್ಪಿದರೆ ಮತ್ತೆ ಒಂದು ತಿಂಗಳು. ಹುಡುಗಿಯ ಜೊತೆ ತಾಯಿ ಶೀಲಾ, ತಂದೆ ಪುಂಡಲೀಕ, ಅಜ್ಜಿ ಉಚ್ಚಂಗೆವ್ವ. ಪುಂಡಲೀಕ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ತೂಕದ ಕೆಲಸದವನು. ಹಿಂದಿನ ದಿನ ಮಧ್ಯಾಹ್ನವೇ ಬಂದು ದಾಖಲಾಗಿದ್ದರು.

ಬೆಳಿಗ್ಗೆ ಎಂಟಕ್ಕೆ ಮಹಮೂದಾಬೇಗಂ ಹಾಳೆ ಹಿಡಿದು ಬಂದಾಗ ಪುಂಡಲೀಕ ಮತ್ತು ಅಜ್ಜಿ ಚಹಾ ಕುಡಿಯಲು ಹೊರಗೆ ಹೋಗಿದ್ದರು. ಶೀಲಾ ಒಬ್ಬಳೇ ಮಗಳ ತಲೆ ಬಾಚುತ್ತಿದ್ದಳು.

"ಎರಡು ವಾರದಾಗ ಕೆಮ್ಮು, ನೆಗಡಿ, ಜ್ವರ ಬಂದಿತ್ತೇನವಾ?"

"ಕೆಮ್ಮು ಐತ್ರೀ ಅಕ್ಕಾರ. ಮೂರು ದಿನ ಆತು. ಎದಿಯಾಗ ಗೊರಗೊರ ಅಂತೈತಿ."

"ಬ್ಯಾಡಗ್ಯಾವ್ರಲ್ಲ ನೀವು? ಸೀಸನ್ ಐತಿ. ಘಾಟು ಇರ್ತದ ತಗೋ."

"ಘಾಟೂ ಇದ್ದೀತ್ರಿ. ಆದ್ರ ನಿನ್ನಿ ಮಧ್ಯಾಹ್ನದಿಂದ ಇಲ್ಲೇ ಅದೀವಲ್ರಿ. ಇನ್ನೂ ಕೆಮ್ಮತಾಳ."

"ನಾನೂ ಬ್ಯಾಡಗ್ಯಾಕೀನ. ನಮಗ ಹುಟ್ಟಿದಾಗಿಂದ ಇದ ಪಾಡು" ಎಂದು ಮಹಮೂದಾಬೇಗಂ ನಕ್ಕರು. ಶೀಲಾಳೂ ನಕ್ಕಳು. ತವರೂರಿನವರು ಸಿಕ್ಕ ನಗೆ ಅದು. ಗುರುತು ಅಷ್ಟರಲ್ಲಿ "ಇಲ್ಲ" ಎಂಬ ಚೌಕಕ್ಕೆ ಬಿದ್ದಾಗಿತ್ತು. ಮುಂದಿನ ಪ್ರಶ್ನೆ ಎಂಟನೆಯದು, ಔಷಧಿ ಅಲರ್ಜಿಯದು.

ಶೀಲಾ ಹೇಳಿದ್ದು ಹುಸೇನಬಿಯವರ ಪರೀಕ್ಷೆಯನ್ನೇ. ಊರು ಬಿಟ್ಟು ಹದಿನೆಂಟು ಗಂಟೆಯಾದರೂ ಕೆಮ್ಮು ನಿಂತಿಲ್ಲ ಎಂದು. ಅದು ಮಹಮೂದಾಬೇಗಂ ಅವರಿಗೆ ಹೊಳೆದದ್ದು ಎರಡು ಗಂಟೆ ತಡವಾಗಿ.

ಡಾಕ್ಟರ್ ಶಂಭುಲಿಂಗ ಹಾಳೆ ನೋಡಿದರು, ಹುಡುಗಿಯ ಎದೆಗೆ ಸ್ಟೆತೊಸ್ಕೋಪ್ ಇಟ್ಟರು. ಗಂಗಿ ಆಗ ಅಳುತ್ತಿದ್ದಳು. ಅಳುವ ಮಗುವಿನ ಎದೆಯಲ್ಲಿ ಅಳುವೇ ಕೇಳುತ್ತದೆ. ಮೂರು ದಿನದ ಕೆಮ್ಮು ಎಂದು ಗೊತ್ತಿದ್ದರೆ ಅವರು ಕಾಯುತ್ತಿದ್ದರು, ಮತ್ತೆ ಕೇಳುತ್ತಿದ್ದರು. ಹಾಳೆ "ಇಲ್ಲ" ಎಂದಿತ್ತು.

ಹತ್ತಕ್ಕೆ ಅರಿವಳಿಕೆ ಶುರು. ಕೊಳವೆ ಸರಿಯಾಗಿ ಕೂತಿತು. ಯಂತ್ರ ಹದಿನಾಲ್ಕರ ಒತ್ತಡದಲ್ಲಿ ನೂರಹದಿನೈದು ಮಿಲಿಲೀಟರ್ ಕೊಡುತ್ತಿತ್ತು. ಹೊಟ್ಟೆಗೆ ಅನಿಲ ತುಂಬಿದ ಕೂಡಲೇ ಅದು ಎಂಬತ್ತಕ್ಕೆ ಇಳಿಯಿತು. ಇಷ್ಟು ಇಳಿಯುವುದು ಸಹಜ. ಡಾಕ್ಟರು ಒತ್ತಡವನ್ನು ಹದಿನೆಂಟಕ್ಕೆ ಏರಿಸಿದರು, ನೂರೈದಕ್ಕೆ ಬಂತು. ಐದು ನಿಮಿಷ ಹಾಗೇ ನಡೆಯಿತು. ಆಮೇಲೆ ತೊಂಬತ್ತು. ಎಪ್ಪತ್ತು. ಪರದೆಯ ಮೇಲೆ ಡೈಆಕ್ಸೈಡಿನ ಗೆರೆ ಸಮತಟ್ಟಾಗಿ ಇರಬೇಕಾದದ್ದು ಓರೆಯಾಗಿ ಏರತೊಡಗಿತು. ಗಾಳಿ ಹೊರಬರಲು ತಿಣುಕುತ್ತಿದೆ ಎಂದು ಅದರ ಅರ್ಥ.

"ಗ್ಯಾಸ್ ಬಿಡ್ರಿ" ಎಂದರು ಡಾಕ್ಟರು. ಸರ್ಜನ್ ಅನಿಲ ಬಿಟ್ಟರು. ಹೊಟ್ಟೆ ಇಳಿದರೆ ಗಾಳಿಯ ಅಳತೆ ಏರಬೇಕು. ಏರಲಿಲ್ಲ. ನಲವತ್ತು.

"ಬೇಗಂ ಅವರ, ಚೀಲ ಹಿಡೀರಿ."

ಮಹಮೂದಾಬೇಗಂ ಯಂತ್ರ ಕಳಚಿ ರಬ್ಬರ್ ಚೀಲ ಹಿಡಿದರು. ಇಪ್ಪತ್ತೈದು ವರ್ಷ ಪಳಗಿದ ಆ ಕೈಗೆ ಚೀಲ ಕಲ್ಲಿನ ಹಾಗೆ ಸಿಕ್ಕಿತು. ಎಲ್ಲಿ ಅಡ್ಡ ಬಂದಿದೆ, ಏನು ಅಡ್ಡ ಬಂದಿದೆ ಎಂದು ಆ ಕ್ಷಣಕ್ಕೆ ತಿಳಿಯಿತು. ಬೆಳಿಗ್ಗೆಯ ಮಾತೂ ಆಗಲೇ ನೆನಪಾಯಿತು. ಡಾಕ್ಟರು ಸಣ್ಣ ನಳಿಕೆ ಇಳಿಸಿ ಎಳೆದರೆ ಗಟ್ಟಿ ಹಳದಿ ಕಫ ಬಂತು. ಮತ್ತೆ ಬಂತು. ರಕ್ತದ ಆಮ್ಲಜನಕ ಎಪ್ಪತ್ತೆರಡಕ್ಕೆ ಇಳಿದು, ಕೊಳವೆಯಲ್ಲಿ ಔಷಧಿ ಸಿಂಪಡಿಸಿದ ಮೇಲೆ ನಿಧಾನವಾಗಿ ತೊಂಬತ್ತು ದಾಟಿತು. ಹರ್ನಿಯಾ ಹಾಗೇ ಉಳಿಯಿತು. ಹುಡುಗಿಯನ್ನು ಮಕ್ಕಳ ತೀವ್ರ ನಿಗಾ ಘಟಕ ಇರುವ ದಾವಣಗೆರೆಗೆ ಕಳಿಸಬೇಕೆಂದು ನಿರ್ಧಾರವಾಯಿತು.

ಟ್ರಾಲಿ ಹೊರಗೆ ಬಂದಾಗ ಕಾರಿಡಾರಿನಲ್ಲಿ ಮೂವರೂ ನಿಂತಿದ್ದರು. ಶಂಭುಲಿಂಗ ಅವರು ಒರಟು ಮನುಷ್ಯರಲ್ಲ. ಆದರೆ ಆ ಹೊತ್ತಿಗೆ ಅವರೂ ಹೆದರಿದ್ದರು. ಹಾಳೆ ತೋರಿಸಿ, "ಕೆಮ್ಮು ಇಲ್ಲಂತ ಬರಸೀರಿ. ಇಷ್ಟು ಕಫ ಎಲ್ಲಿಂದ ಬಂತು? ನಮಗ ಹೇಳಬೇಕಾಗಿತ್ತಲ್ಲ?" ಎಂದರು.

ಪುಂಡಲೀಕ ಹೆಂಡತಿಯ ಕಡೆ ತಿರುಗಿದ. ಉಚ್ಚಂಗೆವ್ವ, "ಏನ್ ಬರಸೀದಿ? ತಾರೀಕು ತಪ್ಪೀತಂತ ಮುಚ್ಚಿಟ್ಟೇನು?" ಎಂದಳು.

"ಇಲ್ಲತ್ತಿ, ನಾ ಹೇಳೇನಿ" ಎಂದು ಶೀಲಾ ಮಹಮೂದಾಬೇಗಂ ಅವರ ಮುಖ ನೋಡಿದಳು. "ಅಕ್ಕಾರ, ಹೇಳೇನಲ್ರಿ?"

ಮಹಮೂದಾಬೇಗಂ ಚೀಲ ಒತ್ತುತ್ತಿದ್ದರು. ಒಂದು, ಎರಡು, ಬಿಡು. ಒಂದು, ಎರಡು, ಬಿಡು. ಅವರು ಉತ್ತರ ಕೊಡಲಿಲ್ಲ. ಟ್ರಾಲಿ ಮುಂದೆ ಹೋಯಿತು.

ಮುಂದೆ ಎಷ್ಟೋ ಸಲ ಅವರು ತಮಗೆ ತಾವೇ ಹೇಳಿಕೊಂಡದ್ದು, ಆಗ ಕೈ ಖಾಲಿ ಇರಲಿಲ್ಲ ಎಂದು. ಅದು ನಿಜ. ಬಾಯಿ ಖಾಲಿಯಿತ್ತು ಎಂಬುದೂ ನಿಜ.

ಆಂಬುಲೆನ್ಸಿನಲ್ಲಿ ದಾವಣಗೆರೆಯವರೆಗೆ ಐವತ್ತು ನಿಮಿಷ ಅವರೇ ಚೀಲ ಒತ್ತಿದರು. ಗಂಗಿ ಎರಡು ದಿನ ವೆಂಟಿಲೇಟರಿನ ಮೇಲಿದ್ದು, ಒಂಬತ್ತನೆಯ ದಿನ ಮನೆಗೆ ಹೋದಳು. ನಾಲ್ಕು ತಿಂಗಳ ನಂತರ ಬೇರೆಡೆ ಹರ್ನಿಯಾ ಆಪರೇಷನ್ನೂ ಆಯಿತು. ಹುಡುಗಿ ಚೆನ್ನಾಗಿದ್ದಾಳೆ.

ಚೆನ್ನಾಗಿ ಆಗದೆ ಉಳಿದದ್ದು ಬೇರೆ. ದಾವಣಗೆರೆಯಲ್ಲಿ ಉಚ್ಚಂಗೆವ್ವ ಮಹಮೂದಾಬೇಗಂ ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಿದ್ದಳು: "ಹಡೆದಾಕಿ ಮುಚ್ಚಿಟ್ಲು. ನೀ ಉಳಿಸಿದಿ." ಮರುವರ್ಷದಿಂದ ಪ್ರತಿ ಜನವರಿ ಅವಳ ಮನೆಯಿಂದ ಎರಡು ಕಿಲೋ ಡಬ್ಬಿ ತಳಿಯ ಮೆಣಸಿನಕಾಯಿ ಬರತೊಡಗಿತು. ಒಳ್ಳೆಯ ಮಾಲು, ತೊಟ್ಟು ಬಿಡಿಸಿದ್ದು. ಮಹಮೂದಾಬೇಗಂ ತೆಗೆದುಕೊಳ್ಳುತ್ತಿದ್ದರು. ಮನೆಯಲ್ಲಿ ಒಂದೇ ಒಂದನ್ನೂ ಒಗ್ಗರಣೆಗೆ ಹಾಕಲಿಲ್ಲ, ಓಣಿಯಲ್ಲಿ ಹಂಚಿಬಿಡುತ್ತಿದ್ದರು.

ಗಂಡನಿಗೆ ಮಾತ್ರ ಹೇಳಿದ್ದರು. ಅಲ್ಲಾಬಕ್ಷ ಹೆಂಡತಿಯೊಡನೆ ಉರ್ದುವಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವವರು. "ಕೂಸು ಬದಕಿತಲ್ಲ? ಈಗ ಹೋಗಿ ಹೇಳಿದ್ರ ಯಾರಿಗೆ ಚಲೋ ಆಗ್ತದ? ಡಾಕ್ಟ್ರ ಹೆಸರು ಕೆಡ್ತದ, ನಿನ್ನ ನೌಕರಿ ಹೋಗ್ತದ. ಅತ್ತಿ ಸೊಸಿ ಜಗಳ ಯಾರ ಮನ್ಯಾಗಿಲ್ಲ? ನಮ್ಮ ಅವ್ವ ನಿನಗ ಬೈದಿಲ್ಲೇನು?"

"ನಿಮ್ಮ ಅವ್ವ ನಾ ಮಾಡಿದ್ದಕ್ಕ ಬೈತಿದ್ಲು."

"ಮಾಡದ್ದಕ್ಕೂ ಬೈತಿದ್ಲು, ನಿನಗ ಕೇಳಸ್ತಿರಲಿಲ್ಲ" ಎಂದು ಅಲ್ಲಾಬಕ್ಷ ನಗಿಸಲು ನೋಡಿದರು. ಮಹಮೂದಾಬೇಗಂ ನಗಲಿಲ್ಲ. ಆದರೆ ಹೋಗಲೂ ಇಲ್ಲ. ಮೊದಲ ವರ್ಷ ಕೆಲಸದ ಭಯ, ಎರಡನೆಯ ವರ್ಷ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿಯಾರೆಂಬ ಭಯ. ಎರಡನೆಯ ಭಯ ಮೊದಲನೆಯದಕ್ಕಿಂತ ಬೇಗ ಬೆಳೆಯಿತು.

೨೦೨೫ರ ನವೆಂಬರಿನಲ್ಲಿ ಉಚ್ಚಂಗೆವ್ವ ತಾನೇ ರೋಗಿಯಾಗಿ ಬಂದಳು. ಪಿತ್ತಕೋಶದಲ್ಲಿ ಕಲ್ಲು, ಅದೂ ಕೀಹೋಲಿನ ಕೇಸು. ಮಹಮೂದಾಬೇಗಂ ಹಾಳೆ ಹಿಡಿದು ಕೂತರು.

"ಹಲ್ಲು ಅಲ್ಲಾಡ್ತಾವೇನಬೇ?"

"ಇದ್ದರಲ್ಲ ಅಲ್ಲಾಡೂದು! ನಾಕು ಉಳದಾವ. ಅವು ನನಗಿಂತ ಗಟ್ಟಿ."

"ಎರಡು ವಾರದಾಗ ಕೆಮ್ಮು, ನೆಗಡಿ?"

"ಐತಿ ಅಂತ ಬರ್ಕೊ."

"ಖರೇ ಐತೇನು?"

"ಇಲ್ಲ. ಆದ್ರೂ ಬರ್ಕೊ. ನಾಳೆ ಏನರ ಆದ್ರ ಮುಚ್ಚಿಟ್ಲು ಅನ್ನಿಸ್ಕೊಳ್ಳೂದು ಬ್ಯಾಡ. ನಮ್ಮನ್ಯಾಗ ಅದಕ್ಕ ಒಬ್ಬಾಕಿ ಸಾಕು."

ಮಹಮೂದಾಬೇಗಂ ಪೆನ್ನು ಕೆಳಗಿಟ್ಟು, "ಸೊಸಿ ಹೆಂಗದಾಳ್ರಿ?" ಎಂದು ಕೇಳಿದರು.

"ಅದಾಳ. ಗಂಗೀನ್ನ ಮಾತ್ರ ಆಕಿ ಕೈಯಾಗ ದವಾಖಾನಿಗೆ ಕಳಸಂಗಿಲ್ಲವಾ. ನಾನರ ಹೋಗ್ತೇನಿ, ಪುಂಡಲೀಕರ ಹೋಗ್ತಾನ. ಹೋದ ಮಳಿಗಾಲದಾಗ ಹುಡುಗಿಗೆ ಜ್ವರ ಬಂತು. ಇಂವ ಊರಾಗಿಲ್ಲ, ನನಗ ಮೊಣಕಾಲು. ಎರಡು ದಿನ ಕಾದ್ವಿ. ಆಕಿ ಹೋಗ್ತೇನಂದ್ಲು, ನಾ ಬಿಡಲಿಲ್ಲ."

"ಆಕಿ ಏನಂತಾಳ?"

"ಮದಲು ನಾ ಹೇಳೇನಿ, ನಾ ಹೇಳೇನಿ ಅಂತ ಅಳತಿದ್ಲು. ಈಗ ಏನೂ ಅನ್ನಂಗಿಲ್ಲ. ಒಪ್ಕೊಂಡಂಗ."

ಜ್ವರದ ಎರಡು ದಿನ. ಮಹಮೂದಾಬೇಗಂ ಇಷ್ಟು ದಿನ ಈ ತಪ್ಪಿನ ಪೆಟ್ಟು ಒಬ್ಬ ಹೆಣ್ಣಿನ ಮನಸ್ಸಿಗೆ ಬಿದ್ದಿದೆ ಎಂದಷ್ಟೇ ತಿಳಿದಿದ್ದರು. ಅದು ಮತ್ತೆ ಆ ಮಗುವಿನ ಮೇಲೇ ಬೀಳುವ ದಾರಿ ಹಿಡಿದಿದೆ ಎಂದು ಅವರಿಗೆ ತಿಳಿದದ್ದು ಈಗ.

ಅಜ್ಜಿಯ ಆಪರೇಷನ್ ಸರಿಯಾಗಿ ಮುಗಿದು ಆಕೆ ಮನೆಗೆ ಹೋದ ಮೇಲೆ ಮಹಮೂದಾಬೇಗಂ ಡಾಕ್ಟರ ಕೋಣೆಗೆ ಹೋಗಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಶಂಭುಲಿಂಗ ಎದುರಿನ ಕುರ್ಚಿ ಎಳೆದರು.

"ಕುಂದರ್ರಿ ಬೇಗಂ ಅವರ" ಎಂದರು. "ತಾಯಿನ್ನ ನಾನೂ ಒಂದು ಮಾತು ಕೇಳಬೇಕಾಗಿತ್ತು. ಹಾಳಿ ನೋಡಿ ಬಿಟ್ಟೆ. ಆಮ್ಯಾಲೆ ಅದ ಹಾಳಿ ಆಕೀ ಮುಖಕ್ಕ ಹಿಡಿದೆ." ಹಳೆಯ ಕಡತ ತರಿಸಿ, ಏಳನೆಯ ಪ್ರಶ್ನೆಯ ಪಕ್ಕದಲ್ಲಿ ಬರೆದರು: ಕೆಮ್ಮು ಇರುವುದನ್ನು ತಾಯಿ ತಿಳಿಸಿದ್ದರು, ಬರೆದುಕೊಳ್ಳುವಲ್ಲಿ ಆಸ್ಪತ್ರೆಯ ತಪ್ಪು. ತಾರೀಕು ಹಾಕಿ ಇಬ್ಬರೂ ಸಹಿ ಮಾಡಿದರು. "ನಾನೂ ಬರ್ಲೇನು ಬ್ಯಾಡಗಿಗೆ?"

"ಬ್ಯಾಡ್ರಿ. ನೀವು ಬಂದ್ರ ಡಾಕ್ಟ್ರ ಮಾತು ಆಗ್ತದ. ಸುಮ್ಮನಿದ್ದಾಕಿ ನಾನು."

ಡಿಸೆಂಬರಿನ ಒಂದು ಭಾನುವಾರ ಅಲ್ಲಾಬಕ್ಷ ಆಟೋದಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋದರು. ಪುಂಡಲೀಕನ ಮನೆ ಕೋಲ್ಡ್ ಸ್ಟೋರೇಜುಗಳ ಹಿಂದಿನ ಓಣಿಯಲ್ಲಿ. ಅಂಗಳದ ತಾಡಪಾಲಿನ ಮೇಲೆ ಕೆಂಪು ರಾಶಿ, ಅದರ ಮುಂದೆ ಶೀಲಾ ಮೂಗಿಗೆ ಸೆರಗು ಕಟ್ಟಿ ತೊಟ್ಟು ಬಿಡಿಸುತ್ತಿದ್ದಳು. ಉಚ್ಚಂಗೆವ್ವ ಹೊರಸಿನ ಮೇಲೆ ಮಲಗಿದ್ದವಳು ಎದ್ದು ಕೂತು, "ಯವ್ವಾ, ನೋಡ್ರಿಲ್ಲೆ ಯಾರು ಬಂದಾರ! ಪುಂಡಲೀಕ, ಚಾಪಿ ಹಾಕೋ" ಎಂದಳು.

ಮಹಮೂದಾಬೇಗಂ ಕೂರಲಿಲ್ಲ. ಕೂತರೆ ಉಪಚಾರ ಶುರುವಾಗುತ್ತದೆ, ಶುರುವಾದರೆ ಬಾಯಿ ಕಟ್ಟುತ್ತದೆ ಎಂದು ದಾರಿಯಲ್ಲೇ ಯೋಚಿಸಿಕೊಂಡಿದ್ದರು.

"ಅಬೇ, ನಾ ಒಂದು ಮಾತು ಹೇಳಾಕ ಬಂದೇನಿ. ಅವತ್ತ ಶೀಲಾ ನನಗ ಕೆಮ್ಮು ಐತಿ ಅಂತ ಹೇಳಿದ್ಲು. ಮೂರು ದಿನದಿಂದ ಐತಿ ಅಂದ್ಲು, ಎದಿ ಗೊರಗೊರ ಅಂತೈತಿ ಅಂದ್ಲು. ನಾನ ಘಾಟು ಅಂತ ಇಲ್ಲ ಬರದೆ. ಕಾರಿಡಾರಿನ್ಯಾಗ ಆಕಿ ನನ್ನ ಕೇಳಿದಾಗ ನಾ ಸುಮ್ಮನಿದ್ದೆ. ತಪ್ಪು ನಂದು. ಆಕೀದು ಏನೂ ಇಲ್ಲ."

ಪುಂಡಲೀಕ ಚಾಪೆ ಕೈಯಲ್ಲಿ ಹಿಡಿದೇ ನಿಂತಿದ್ದ.

"ಮೂರು ವರ್ಷ ಆತಲ್ಲವಾ" ಎಂದಳು ಉಚ್ಚಂಗೆವ್ವ. ಧ್ವನಿ ಏರಲಿಲ್ಲ. "ಮೂರು ವರ್ಷ ನಾ ಆಕೀಗೆ..." ಎಂದು ಮುಖಕ್ಕೆ ಸೆರಗು ಹಿಡಿದಳು.

ಶೀಲಾ ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು ಬುಟ್ಟಿಗೆ ಹಾಕಿದಳು. ಇನ್ನೊಂದು ತೆಗೆದುಕೊಂಡಳು. ಅದನ್ನು ಮುರಿಯಲಿಲ್ಲ.

"ನನಗ ಎಲ್ಲಾ ನೆನಪಿತ್ತು ಅಕ್ಕಾರ. ಮದಲನೇ ವರ್ಷ. ಆಮ್ಯಾಲೆ ದಿನಾ ಎಲ್ಲಾರೂ ಹೇಳಿಲ್ಲ, ಹೇಳಿಲ್ಲ ಅಂದ್ರು. ನಾ ಹೇಳಿದ್ದು ಖರೇನೋ, ಹೇಳಬೇಕಂತ ಮನಸ್ಸಿನ್ಯಾಗ ಅಂದ್ಕೊಂಡಿದ್ನೋ, ನನಗ ತಿಳೀದಂಗ ಆತು. ನಾನ ಮುಚ್ಚಿಟ್ಟೆ ಅಂತ ನಂಬಿದ್ನಿ ನಾನು."

"ತಪ್ಪಾತು ಶೀಲಾ."

"ಮೆಣಸಿನಕಾಯಿ ತೊಟ್ಟು ಬಿಡಿಸಿ ಕಳಸಾಕಿ ನಾನ್ರಿ. ವರ್ಷಾ ವರ್ಷಾ. ನಿಮಗಂತ ಬ್ಯಾರೆ ಆರಿಸಿ ಇಡ್ತಿದ್ನಿ, ನನ್ನ ಕೂಸಿನ್ನ ಉಳಿಸಿದಾಕಿ ಅಂತ." ಅವಳು ಸೆರಗು ಬಿಚ್ಚಿ ಮುಖ ಒರೆಸಿಕೊಂಡಳು. "ನೀವು ಇಸ್ಕೊಂಡ್ರಿ."

ಶೀಲಾ ಎದ್ದು ಒಳಗೆ ಹೋದಳು. ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸುವ ಪದ್ಧತಿ ಅಲ್ಲಿಲ್ಲ, ಆದರೆ ಒಲೆಯ ಸದ್ದು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಪುಂಡಲೀಕನೇ ಒಳಗೆ ಹೋಗಿ ಚಹಾ ಕಾಸಿ ತಂದ. ಸಕ್ಕರೆ ಹೆಚ್ಚಾಗಿತ್ತು, ಪುಡಿ ಕುದ್ದಿರಲಿಲ್ಲ. ಗಂಡಸಿಗೆ ಆ ಮನೆಯ ಒಲೆ ಹೊಸದು. ಮಹಮೂದಾಬೇಗಂ ಮತ್ತು ಅಲ್ಲಾಬಕ್ಷ ನಿಂತೇ ಕುಡಿದರು. ಹೊರಡುವಾಗ ಗಂಗಿ ಬಾಗಿಲಿಗೆ ಬಂದು, ಯಾರೆಂದು ತಿಳಿಯದೆ, ಕೈ ಬೀಸಿದಳು.

ದಾರಿಯಲ್ಲಿ ಅಲ್ಲಾಬಕ್ಷ, "ಹೇಳಿದ್ದು ಚಲೋ ಆತು" ಎಂದರು. ಮಹಮೂದಾಬೇಗಂ, "ಅವತ್ತು ಹೇಳಿದ್ರ ಒಂದು ಮಾತಾಗಿತ್ತು. ಹೂಂ, ಹೇಳ್ಯಾಳ. ಎರಡು ಶಬ್ದ" ಎಂದರು.

ಈಗ ಆ ಹಾಳೆಯಲ್ಲಿ ಏಳನೆಯ ಪ್ರಶ್ನೆಯ ಮುಂದೆ ಚೌಕಗಳಿಲ್ಲ. ಎರಡು ಗೆರೆಯ ಜಾಗವಿದೆ. ಮನೆಯವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಓದಿ ಹೇಳಿ, ಅವರ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಘಾಟೋ ಅಲ್ಲವೋ ಎಂಬುದನ್ನು ಡಾಕ್ಟರೇ ನಿರ್ಧರಿಸುತ್ತಾರೆ. ಈ ಬದಲಾವಣೆ ಮಾಡಿಸಿದವರು ಮಹಮೂದಾಬೇಗಂ. ಯಾಕೆ ಎಂದು ಹೊಸ ನರ್ಸುಗಳು ಕೇಳಿದರೆ ಆ ಮನೆಯವರ ಹೆಸರು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತಾರೆ. ತಪ್ಪು ಯಾರದೆಂಬುದನ್ನು ಬಿಡುವುದಿಲ್ಲ. ಈ ಜನವರಿಯಲ್ಲಿ ಬ್ಯಾಡಗಿಯಿಂದ ಮೆಣಸಿನಕಾಯಿ ಬರಲಿಲ್ಲ.

ಫೆಬ್ರುವರಿಯಲ್ಲಿ ಒಂದು ಮಧ್ಯಾಹ್ನ ಅಲ್ಲಾಬಕ್ಷ ಊಟಕ್ಕೆ ಬಂದವರು ಕೈ ತೊಳೆಯುವ ಮೊದಲೇ ಹೇಳಿದರು: "ಬಸ್‌ಸ್ಟ್ಯಾಂಡಿನ್ಯಾಗ ಶೀಲಾ ಹತ್ತಿದ್ಲು ನನ್ನ ಆಟೋ. ಹುಡುಗಿ ಇತ್ತು. ಮೈ ಬೆಚ್ಚಗೈತಿ ಅಂದ್ಲು."

"ಎಲ್ಲಿಗೆ ಬಿಟ್ರಿ?"

"ನಿಮ್ಮ ದವಾಖಾನಿಗೇನವಾ ಅಂದೆ. ಬ್ಯಾಡ್ರಿ ಅಂದ್ಲು. ಪೋಸ್ಟ್ ಆಫೀಸಿನ ಹಿಂದ ಹೊಸಾ ಡಾಕ್ಟ್ರು ಬಂದಾರಲ್ಲ, ಅಲ್ಲಿಗೆ ಬಿಟ್ಟೆ." ಅಲ್ಲಾಬಕ್ಷ ಹೆಂಡತಿಯ ಮುಖ ನೋಡಿ, "ಸಿಟ್ಟಿಲೆ ಅನ್ನಲಿಲ್ಲ. ಸುಮ್ಮನ ಅಂದ್ಲು" ಎಂದರು.

"ಜೋಡಿ ಯಾರಿದ್ರು?"

"ಯಾರಿಲ್ಲ. ತಾಯಿ ಮಗಳು ಇಬ್ರ."

ಮಹಮೂದಾಬೇಗಂ ಗಂಡನ ತಾಟಿಗೆ ರೊಟ್ಟಿ ಹಾಕಿದರು. ಪಲ್ಯ ಹಾಕುವುದು ಮರೆತು ಅಡುಗೆಮನೆಗೆ ಹೋಗಿ, ಅಲ್ಲಿಂದಲೇ ಮತ್ತೊಮ್ಮೆ ಕೇಳಿದರು.

"ಅತ್ತಿ ಬಂದಿರಲಿಲ್ಲ?"

"ಇಲ್ಲ ಅಂದೆನಲ್ಲ. ಒಬ್ಬಾಕೀನ ಬಂದಿದ್ಲು."